ಊರು ಬದಲಾದರೂ ಬದಲಾಗದ ವಿಳಾಸ: ಮೊಬೈಲ್ ಅಂತರ್ಜಾಲದ ಲಂಗರು ಮತ್ತು ಸುರಂಗ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲಿನಲ್ಲಿ ಪ್ರಯಾಣಿಕರೊಬ್ಬರು ಕೆಂಗೇರಿ ದಾಟುವ ಹೊತ್ತಿಗೆ ಮೊಬೈಲಿನಲ್ಲಿ ವಿಡಿಯೋ ಕರೆ ಆರಂಭಿಸುತ್ತಾರೆ ಎಂದುಕೊಳ್ಳಿ. ಬಿಡದಿ, ರಾಮನಗರ, ಚನ್ನಪಟ್ಟಣಗಳು ಹಿಂದೆ ಸರಿಯುತ್ತವೆ. ಮದ್ದೂರಿನಲ್ಲಿ ವಡೆ ಮಾರುವವರು ಹತ್ತಿ ಇಳಿದದ್ದೂ ಆಯಿತು, ಮಾತು ಮುಂದುವರಿದೇ ಇದೆ. ಅಷ್ಟರಲ್ಲಿ ಅವರ ಫೋನು ಒಂದು ಟವರಿನ ಕೈಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹತ್ತಾರು ಟವರ್‌ಗಳನ್ನು ದಾಟಿರುತ್ತದೆ. ಸಿಗ್ನಲ್ ತೀರಾ ಕ್ಷೀಣಿಸಿದ ಜಾಗಗಳನ್ನು ಬಿಟ್ಟರೆ ಆ ಬದಲಾವಣೆ ಅವರ ಗಮನಕ್ಕೇ ಬರುವುದಿಲ್ಲ. ಅದೇ ಪ್ರಯಾಣಿಕರು ಮಂಡ್ಯದಲ್ಲಿದ್ದಾಗ, ಐಪಿ ವಿಳಾಸದ ಊರನ್ನು ತೋರಿಸುವ ತಾಣವೊಂದನ್ನು ತೆರೆದರೆ ಅಲ್ಲಿ ಮಂಡ್ಯದ ಹೆಸರು ಕಾಣುವುದು ಅಪರೂಪ. ಬೆಂಗಳೂರು ಎಂದೋ, ಕೆಲವೊಮ್ಮೆ ಚೆನ್ನೈ ಅಥವಾ ಮುಂಬಯಿ ಎಂದೋ ಇರುತ್ತದೆ.

ಮಾತು ತುಂಡಾಗದಿರುವುದಕ್ಕೂ ಊರು ತಪ್ಪಾಗಿ ಕಾಣುವುದಕ್ಕೂ ಮೂಲ ಒಂದೇ. ಫೋನು ಚಲಿಸುತ್ತದೆ, ಆದರೆ ಅದಕ್ಕೆ ಕೊಟ್ಟ ಐಪಿ ವಿಳಾಸ ಚಲಿಸುವುದಿಲ್ಲ. ಆ ವಿಳಾಸ ಮೊಬೈಲ್ ಕಂಪೆನಿಯ ಯಾವುದೋ ಕೇಂದ್ರದಲ್ಲಿರುವ ಯಂತ್ರವೊಂದಕ್ಕೆ ಕಟ್ಟಲ್ಪಟ್ಟಿರುತ್ತದೆ. ಆ ಯಂತ್ರವನ್ನು ತಂತ್ರಜ್ಞರು ಆಂಕರ್, ಅಂದರೆ ಲಂಗರು ಎಂದು ಕರೆಯುತ್ತಾರೆ. ಲಂಗರಿನಿಂದ ಫೋನಿರುವ ಟವರ್‌ವರೆಗೆ ಮಾಹಿತಿಯ ಪ್ಯಾಕೆಟ್‌ಗಳನ್ನು ಇನ್ನೊಂದು ಲಕೋಟೆಯೊಳಗಿಟ್ಟು ಸಾಗಿಸುವ ವ್ಯವಸ್ಥೆಗೆ ಟನೆಲ್, ಅಂದರೆ ಸುರಂಗ ಎಂದು ಹೆಸರು. ಕೋಟ್ಯಂತರ ಮಂದಿ ದಿನವೂ ಬಳಸುವ ಮೊಬೈಲ್ ಅಂತರ್ಜಾಲ ನಿಂತಿರುವುದು ಈ ಎರಡರ ಮೇಲೆ. ವಿದೇಶದಲ್ಲಿ ರೋಮಿಂಗ್ ನಿಧಾನವೇಕೆ ಎಂಬ ಸಣ್ಣ ದೂರಿನಿಂದ ಹಿಡಿದು, ಐಪಿ ವಿಳಾಸವೊಂದನ್ನೇ ನಂಬಿ ಪೊಲೀಸರು ಯಾರದೋ ಮನೆ ಬಾಗಿಲು ತಟ್ಟಬಹುದೇ ಎಂಬ ಗಂಭೀರ ಪ್ರಶ್ನೆಯವರೆಗೆ ಹಲವು ಸಂಗತಿಗಳಿಗೆ ಉತ್ತರವೂ ಇಲ್ಲಿದೆ.

ಒಂದೇ ವಿಳಾಸಕ್ಕೆ ಎರಡು ಕೆಲಸ

ಅಂತರ್ಜಾಲದ ಮೂಲ ವಿನ್ಯಾಸ ರೂಪುಗೊಂಡಾಗ ಗಣಕಯಂತ್ರಗಳು ಕೋಣೆಯಿಂದ ಕೋಣೆಗೆ ಸಾಗಿಸಲೂ ಕಷ್ಟವಾಗುವಷ್ಟು ಭಾರವಾಗಿದ್ದವು. ಅವು ಮುಂದೊಂದು ದಿನ ಜೇಬಿನಲ್ಲಿ ಕುಳಿತು ಊರೂರು ಸುತ್ತುತ್ತವೆ ಎಂಬ ಎಣಿಕೆ ಆ ವಿನ್ಯಾಸದಲ್ಲಿ ಇರಲಿಲ್ಲ. ಆದ್ದರಿಂದ ಐಪಿ ವಿಳಾಸಕ್ಕೆ ಎರಡು ಹೊಣೆಗಳು ಒಟ್ಟಿಗೇ ಅಂಟಿಕೊಂಡವು. ಈ ಯಂತ್ರ ಯಾವುದು ಎಂದು ಗುರುತಿಸುವುದು ಒಂದು. ಅದು ಜಾಲದ ಯಾವ ಭಾಗದಲ್ಲಿದೆ ಎಂದು ದಾರಿ ತೋರುವುದು ಇನ್ನೊಂದು.

ನಿಂತಲ್ಲೇ ನಿಂತ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ಚಲಿಸುವ ಯಂತ್ರಕ್ಕೆ ಮಾತ್ರ ಇಕ್ಕಟ್ಟು. ಎರಡು ಯಂತ್ರಗಳ ನಡುವಿನ ಟಿಸಿಪಿ ಸಂಪರ್ಕವನ್ನು ಗುರುತಿಸುವುದು ನಾಲ್ಕು ಸಂಖ್ಯೆಗಳು: ಇತ್ತಲಿನ ಐಪಿ ವಿಳಾಸ ಮತ್ತು ಪೋರ್ಟ್, ಅತ್ತಲಿನ ಐಪಿ ವಿಳಾಸ ಮತ್ತು ಪೋರ್ಟ್. ಈ ನಾಲ್ಕರಲ್ಲಿ ಒಂದು ಬದಲಾದರೂ ಹಳೆಯ ಸಂಪರ್ಕ ಸತ್ತಂತೆಯೇ. ಹೊಸ ಜಾಗಕ್ಕೆ ಹೋದ ಫೋನು ಅಲ್ಲಿನ ಹೊಸ ವಿಳಾಸ ಪಡೆದರೆ ನಡೆಯುತ್ತಿದ್ದ ಡೌನ್‌ಲೋಡ್, ಬ್ಯಾಂಕಿನ ವಹಿವಾಟು, ಕರೆ ಎಲ್ಲವೂ ತುಂಡಾಗುತ್ತವೆ. ಹಳೆಯ ವಿಳಾಸವನ್ನೇ ಉಳಿಸಿಕೊಂಡರೆ ಜಾಲದ ರೂಟರ್‌ಗಳು ಪ್ಯಾಕೆಟ್‌ಗಳನ್ನು ಹಳೆಯ ಜಾಗಕ್ಕೇ ಒಯ್ದು ಹಾಕುತ್ತವೆ. ಪ್ರತಿ ಫೋನಿನ ಚಲನೆಯನ್ನೂ ಜಗತ್ತಿನ ಎಲ್ಲ ರೂಟರ್‌ಗಳಿಗೆ ತಿಳಿಸುವುದು ಕಾಗದದ ಮೇಲೆ ಸಾಧ್ಯ. ಆದರೆ ಬೆಂಗಳೂರಿನ ಒಂದು ಮುಂಜಾನೆಯ ವಾಹನದಟ್ಟಣೆಯೇ ಆ ರೂಟರ್‌ಗಳನ್ನು ಮುಗ್ಗರಿಸಲು ಸಾಕು.

ಕೇರಾಫ್ ವಿಳಾಸದ ಉಪಾಯ

ಈ ಗಂಟನ್ನು ಬಿಡಿಸುವ ಪ್ರಯತ್ನಗಳು ಮೂರು ದಶಕಗಳಿಗೂ ಹಳೆಯವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 1991ರಲ್ಲಿಯೇ ಚಲಿಸುವ ಗಣಕಗಳಿಗೆ ಐಪಿ ಆಧಾರಿತ ವ್ಯವಸ್ಥೆಯೊಂದನ್ನು ಪ್ರಕಟಿಸಿದ್ದರು. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 1996ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 2002 ಎಂಬ ಸಂಖ್ಯೆಯ ದಾಖಲೆಯ ಮೂಲಕ 'ಮೊಬೈಲ್ ಐಪಿ'ಯನ್ನು ಹೊರತಂದಿತು. ಅದರ ಸಂಪಾದಕರು ಆಗ ಐಬಿಎಂನಲ್ಲಿದ್ದ ಚಾರ್ಲ್ಸ್ ಪರ್ಕಿನ್ಸ್.

ಮೊಬೈಲ್ ಐಪಿಯ ತಿರುಳು ಕನ್ನಡಿಗರಿಗೆ ಅಂಚೆಯ ದಿನಗಳಿಂದಲೇ ಪರಿಚಿತ. ಊರಿನ ಮನೆಯ ವಿಳಾಸವನ್ನೇ ಎಲ್ಲರಿಗೂ ಕೊಟ್ಟು ಓದಲು ಪಟ್ಟಣಕ್ಕೆ ಬಂದ ಹುಡುಗ ಬಂಧುಗಳ ಮನೆಯಲ್ಲಿ ಉಳಿದಿರುತ್ತಾನೆ. ಪತ್ರಗಳು ಊರಿಗೇ ಬರುತ್ತವೆ. ಮನೆಯವರು ಅವನ್ನು ಇನ್ನೊಂದು ಲಕೋಟೆಯಲ್ಲಿಟ್ಟು, ಮೇಲೆ ಬಂಧುಗಳ ಹೆಸರಿನೊಂದಿಗೆ ಕೇರಾಫ್ ವಿಳಾಸ ಬರೆದು ಕಳಿಸುತ್ತಾರೆ. ಹುಡುಗ ಬಿಡಾರ ಬದಲಿಸಿದರೆ ಊರಿಗೊಂದು ಕಾರ್ಡು ಬರೆದು ಹಾಕಿದರಾಯಿತು, ಪತ್ರ ಬರೆಯುವ ಗೆಳೆಯರಿಗೆ ಆ ವಿಷಯ ತಿಳಿಯಬೇಕಾದ ಅಗತ್ಯವೇ ಇಲ್ಲ.

ಮೊಬೈಲ್ ಐಪಿಯಲ್ಲಿ ಪತ್ರ ದಾಟಿಸುವ ಊರಿನ ಮನೆಯವರಿಗೆ ಹೋಮ್ ಏಜೆಂಟ್ ಎಂದು ಹೆಸರು. ಆಶ್ರಯ ಕೊಟ್ಟ ಜಾಲದಲ್ಲಿರುವ ಯಂತ್ರ ಫಾರಿನ್ ಏಜೆಂಟ್. ತಾತ್ಕಾಲಿಕ ವಿಳಾಸವನ್ನು ದಾಖಲೆಗಳೂ ಕೇರ್-ಆಫ್ ವಿಳಾಸ ಎಂದೇ ಕರೆಯುತ್ತವೆ. ಹೋಮ್ ಏಜೆಂಟ್ ತನಗೆ ಬಂದ ಪ್ಯಾಕೆಟನ್ನು ಬಿಚ್ಚದೆ, ಅದರ ಮೇಲೆ ಹೊಸದೊಂದು ಐಪಿ ತಲೆಬರಹ ಕೂರಿಸಿ ಕೇರ್-ಆಫ್ ವಿಳಾಸಕ್ಕೆ ರವಾನಿಸುತ್ತದೆ. ಪ್ಯಾಕೆಟ್‌ನೊಳಗೊಂದು ಪ್ಯಾಕೆಟ್. ಸುರಂಗವೆಂದರೆ ಇಷ್ಟೇ. ನೆಲದಡಿ ಬೇರೆ ತಂತಿ ಎಳೆದಿರುವುದಿಲ್ಲ, ಮಾಮೂಲಿ ಜಾಲದ ಮೇಲೆಯೇ ಹೊರವಿಳಾಸವೊಂದನ್ನು ಹೊತ್ತು ಒಳಪ್ಯಾಕೆಟ್ ಸಾಗುತ್ತದೆ.

ಈ ಉಪಾಯಕ್ಕೆ ಬೆಲೆಯೂ ಉಂಟು. ಪಕ್ಕದ ಬೀದಿಯಲ್ಲಿರುವ ಗೆಳೆಯ ಬರೆದ ಪತ್ರವೂ ಊರಿಗೆ ಹೋಗಿಯೇ ಬರಬೇಕು. ಹುಡುಗ ಬರೆಯುವ ಉತ್ತರ ಮಾತ್ರ ನೇರವಾಗಿ ಹೋಗುತ್ತದೆ. ಇದಕ್ಕೆ ತ್ರಿಕೋನ ಮಾರ್ಗ ಎಂಬ ಹೆಸರು ಬಿತ್ತು. ಬೇಗನೆ ಇನ್ನೊಂದು ತೊಡಕೂ ಎದುರಾಯಿತು. ಸುಳ್ಳು ವಿಳಾಸದ ಪ್ಯಾಕೆಟ್‌ಗಳಿಂದ ದಾಳಿ ನಡೆಸುವವರನ್ನು ತಡೆಯಲು ರೂಟರ್‌ಗಳು 'ಈ ಜಾಲಕ್ಕೆ ಸೇರದ ವಿಳಾಸ ಹೊತ್ತ ಪ್ಯಾಕೆಟ್ ಇಲ್ಲಿಂದ ಹೊರಡಕೂಡದು' ಎಂದು ಸೋಸತೊಡಗಿದವು. ಊರಿನ ವಿಳಾಸ ಬರೆದುಕೊಂಡು ಪರಸ್ಥಳದಿಂದ ನೇರವಾಗಿ ಹೊರಟ ಪ್ರಾಮಾಣಿಕ ಉತ್ತರಗಳೂ ಈ ಜರಡಿಯಲ್ಲಿ ಸಿಕ್ಕಿಬಿದ್ದವು. ಹೀಗಾಗಿ 1998ರಲ್ಲಿ ಹಿಮ್ಮುಖ ಸುರಂಗ ಬಂತು. ಹೋಗುವ ಪತ್ರವೂ ಊರಿನ ಮೂಲಕವೇ ಹೋಗಲಿ ಎಂಬುದು ಅದರ ಸಾರ. 2004ರ ಮೊಬೈಲ್ ಐಪಿವಿ6 ಫಾರಿನ್ ಏಜೆಂಟನ್ನು ಕೈಬಿಟ್ಟು, ಎರಡೂ ಕಡೆಯವರು ಒಪ್ಪಿದರೆ ನೇರ ದಾರಿ ಹಿಡಿಯಲು ಅವಕಾಶ ಕಲ್ಪಿಸಿತು. ಆದರೆ ಅದಕ್ಕೆ ಅತ್ತಲಿನ ಸರ್ವರ್ ಕೂಡ ಆ ತಂತ್ರವನ್ನು ಅರಿತಿರಬೇಕಿತ್ತು. ಜಗತ್ತಿನ ಸರ್ವರ್‌ಗಳನ್ನೆಲ್ಲ ಅದಕ್ಕಾಗಿ ತಿದ್ದುವ ಉತ್ಸಾಹ ಯಾರಿಗೂ ಇರಲಿಲ್ಲ.

ಮೊಬೈಲ್ ಕಂಪೆನಿಗಳು ಹಿಡಿದ ದಾರಿ

ಮೊಬೈಲ್ ಐಪಿ ಮಾನದಂಡವಾಗಿ ಮಾನ್ಯವಾಯಿತೇ ಹೊರತು ಜನರ ಕೈಗೆ ದೊಡ್ಡ ಪ್ರಮಾಣದಲ್ಲಿ ಬರಲಿಲ್ಲ. ಅದೇ ಅವಧಿಯಲ್ಲಿ ಜಿಎಸ್‌ಎಂ ಪಾಳಯದ ತಂತ್ರಜ್ಞರು ಜಿಪಿಆರ್‌ಎಸ್‌ಗಾಗಿ ಜಿಟಿಪಿ ಎಂಬ ತಮ್ಮದೇ ಸುರಂಗ ವಿಧಾನ ಕಟ್ಟಿಕೊಂಡರು. ಪೂರ್ಣ ರೂಪ ಜಿಪಿಆರ್‌ಎಸ್ ಟನೆಲಿಂಗ್ ಪ್ರೋಟೊಕಾಲ್. ಜಿಪಿಆರ್‌ಎಸ್ ಎಂಬ ಹೆಸರು ಹೊಸ ತಲೆಮಾರಿನ ಬಳಕೆದಾರರಿಗೆ ಮರೆತೇ ಹೋಗಿರಬಹುದು. ಆದರೆ 3ಜಿ, 4ಜಿ, 5ಜಿ ಮೂರರಲ್ಲೂ ಬಳಕೆದಾರರ ಮಾಹಿತಿಯನ್ನು ಟವರ್‌ನಿಂದ ಹೊತ್ತೊಯ್ಯುವುದು ಇದೇ ಜಿಟಿಪಿ.

ಎರಡು ವಿಧಾನಗಳ ಮುಖ್ಯ ಭೇದ ಹೊಣೆ ಯಾರದು ಎಂಬುದರಲ್ಲಿದೆ. ಮೊಬೈಲ್ ಐಪಿಯಲ್ಲಿ ತಾನು ಸ್ಥಳ ಬದಲಿಸಿದೆನೆಂದು ಯಂತ್ರವೇ ಊರಿಗೆ ತಿಳಿಸಬೇಕು. ಜಿಟಿಪಿಯಲ್ಲಿ ಫೋನಿಗೆ ಸುರಂಗದ ಸುಳಿವೇ ಇರುವುದಿಲ್ಲ. ತನಗೊಂದು ಐಪಿ ವಿಳಾಸವಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಉಳಿದದ್ದೆಲ್ಲ ಜಾಲದ ಪಾಲು. ಕಂಪೆನಿಗಳಿಗೂ ಇದೇ ಅನುಕೂಲಕರವಾಗಿತ್ತು. ಫೋನುಗಳ ತಂತ್ರಾಂಶವನ್ನು ಮುಟ್ಟಬೇಕಾಗಿರಲಿಲ್ಲ, ಲೆಕ್ಕಪತ್ರವೂ ತಮ್ಮ ಕೈಯಲ್ಲೇ ಉಳಿಯುತ್ತಿತ್ತು.

4ಜಿ ಜಾಲವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಕೆಲಸದ ಕ್ರಮ ಹೀಗಿದೆ. ಫೋನನ್ನು ಚಾಲೂ ಮಾಡಿದಾಗ ಅದು ಸಮೀಪದ ಟವರ್ ಮೂಲಕ ಜಾಲಕ್ಕೆ ಅರ್ಜಿ ಸಲ್ಲಿಸುತ್ತದೆ. ಚಲನೆಯ ಉಸ್ತುವಾರಿ ಹೊತ್ತ ಎಂಎಂಇ ಎಂಬ ಯಂತ್ರ ಸಿಮ್ ಅಸಲಿಯೇ ಎಂದು ಪರಿಶೀಲಿಸಿ, ಎರಡು ದ್ವಾರಗಳನ್ನು ಗೊತ್ತುಪಡಿಸುತ್ತದೆ. ಒಂದು ಸರ್ವಿಂಗ್ ಗೇಟ್‌ವೇ, ಇದು ಆ ಪ್ರದೇಶದ ಸ್ಥಳೀಯ ಲಂಗರು. ಇನ್ನೊಂದು ಪ್ಯಾಕೆಟ್ ಗೇಟ್‌ವೇ, ಇದು ಮೂಲ ಲಂಗರು. ಫೋನಿಗೆ ಐಪಿ ವಿಳಾಸ ಕೊಡುವುದು ಈ ಪ್ಯಾಕೆಟ್ ಗೇಟ್‌ವೇ. ಹೊರಜಗತ್ತಿನ ಅಂತರ್ಜಾಲಕ್ಕೆ ಆ ಫೋನು 'ಇರುವುದು' ಅಲ್ಲಿಯೇ. ದಿನಕ್ಕೆ ಇಂತಿಷ್ಟು ಜಿಬಿ ಎಂಬ ಮಿತಿಯ ಎಣಿಕೆ, ಮಿತಿ ಮೀರಿದಾಗ ವೇಗ ತಗ್ಗಿಸುವ ಕ್ರಮ ನಡೆಯುವುದೂ ಅಲ್ಲಿಯೇ.

ಪ್ಯಾಕೆಟ್ ಗೇಟ್‌ವೇಯಿಂದ ಸರ್ವಿಂಗ್ ಗೇಟ್‌ವೇಗೆ ಒಂದು ಸುರಂಗ, ಅಲ್ಲಿಂದ ಟವರ್‌ಗೆ ಇನ್ನೊಂದು. ಒಂದೇ ಜೋಡಿ ಯಂತ್ರಗಳ ನಡುವೆ ಲಕ್ಷಾಂತರ ಫೋನುಗಳ ಸುರಂಗಗಳು ಹಾಯುವುದರಿಂದ ಪ್ರತಿಯೊಂದಕ್ಕೂ ಟಿಇಐಡಿ ಎಂಬ 32 ಬಿಟ್‌ಗಳ ಗುರುತುಸಂಖ್ಯೆ ಇರುತ್ತದೆ. ಸುಮಾರು 429 ಕೋಟಿ ಸಂಖ್ಯೆಗಳಿಗೆ ಇದರಲ್ಲಿ ಅವಕಾಶವಿದೆ. ಸಂಖ್ಯೆಯನ್ನು ಆರಿಸುವವರು ಪ್ಯಾಕೆಟ್ ಪಡೆಯುವ ಕಡೆಯವರು ಎಂಬುದು ಸ್ವಾರಸ್ಯದ ಅಂಶ. 'ಇಂಥ ಸಂಖ್ಯೆ ಬರೆದು ಕಳಿಸಿ, ಅದು ಯಾರದೆಂದು ಹುಡುಕಲು ನನಗೆ ಸುಲಭ' ಎಂದು ಪ್ರತಿ ತುದಿಯೂ ಎದುರು ತುದಿಗೆ ಮೊದಲೇ ಹೇಳಿಟ್ಟಿರುತ್ತದೆ.

ರಾಮನಗರ ದಾಟಿದಾಗ ಆಗುವುದೇನು

ರೈಲು ಮುಂದೆ ಸಾಗಿದಂತೆ ಹಳೆಯ ಟವರಿನ ಸಿಗ್ನಲ್ ಕುಗ್ಗುತ್ತದೆ, ಮುಂದಿನದರದ್ದು ಹೆಚ್ಚುತ್ತದೆ. ಫೋನು ಈ ಅಳತೆಯನ್ನು ಹಳೆಯ ಟವರಿಗೆ ವರದಿ ಮಾಡುತ್ತಲೇ ಇರುತ್ತದೆ. ಸ್ಥಳಾಂತರಕ್ಕೆ ಕಾಲ ಬಂತೆಂದು ತೀರ್ಮಾನಿಸುವುದು ಫೋನಲ್ಲ, ಟವರ್. ಹಳೆಯ ಟವರ್ ಹೊಸದರೊಂದಿಗೆ ಮಾತಾಡಿ ಜಾಗ ಕಾದಿರಿಸಿದ ಬಳಿಕವೇ ಫೋನಿಗೆ ಹೊರಡುವ ಆದೇಶ ಸಿಗುತ್ತದೆ.

ಫೋನು ಹೊಸ ಟವರನ್ನು ಹಿಡಿಯುವ ಆ ಕಿರು ಅವಧಿಯಲ್ಲೂ ಅತ್ತಲಿನವರ ಮಾತು ಹರಿದು ಬರುತ್ತಲೇ ಇರುತ್ತದೆ. ಅವು ಇನ್ನೂ ಹಳೆಯ ಟವರಿಗೇ ಬರುತ್ತವೆ. ಹಳೆಯ ಟವರ್ ಅವನ್ನು ಎಸೆಯದೆ, ತಾತ್ಕಾಲಿಕ ಸುರಂಗವೊಂದರ ಮೂಲಕ ಹೊಸ ಟವರಿಗೆ ದಾಟಿಸುತ್ತದೆ. ಇತ್ತ ಹೊಸ ಟವರ್ ಎಂಎಂಇಗೆ ಸುದ್ದಿ ಮುಟ್ಟಿಸುತ್ತದೆ. ಎಂಎಂಇ ಹೇಳಿದಂತೆ ಸರ್ವಿಂಗ್ ಗೇಟ್‌ವೇ ತನ್ನ ಪಟ್ಟಿಯಲ್ಲಿ ಒಂದು ಸಾಲನ್ನು ತಿದ್ದುತ್ತದೆ: ಹಳೆಯ ಟವರಿನ ವಿಳಾಸ ಮತ್ತು ಸಂಖ್ಯೆಯ ಜಾಗದಲ್ಲಿ ಹೊಸ ಟವರಿನದು. ಅಷ್ಟು ಮಾಡಿ ಹಳೆಯ ದಾರಿಯಲ್ಲಿ ಕೊನೆಯದಾಗಿ 'ಎಂಡ್ ಮಾರ್ಕರ್' ಎಂಬ ಖಾಲಿ ಪ್ಯಾಕೆಟೊಂದನ್ನು ಕಳಿಸುತ್ತದೆ. ಈ ದಾರಿಯಲ್ಲಿ ಇನ್ನೇನೂ ಬರುವುದಿಲ್ಲ ಎಂಬುದಕ್ಕೆ ಅದು ಗುರುತು. ಹೊಸ ಟವರ್ ಅದನ್ನು ಕಂಡ ಮೇಲೆಯೇ ಹೊಸ ದಾರಿಯ ಪ್ಯಾಕೆಟ್‌ಗಳನ್ನು ಫೋನಿಗೆ ಬಿಡುತ್ತದೆ. ಮಾತಿನ ಮುಂದಿನ ಪದ ಹಿಂದಿನ ಪದಕ್ಕಿಂತ ಮೊದಲು ಕೇಳಿಸದಿರಲು ಈ ಶಿಸ್ತು.

ಇಷ್ಟೆಲ್ಲ ನಡೆದರೂ ಪ್ಯಾಕೆಟ್ ಗೇಟ್‌ವೇ ದಾರಿಯನ್ನು ಬದಲಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಸರ್ವಿಂಗ್ ಗೇಟ್‌ವೇ ಬದಲಾದರೆ ಮಾತ್ರ ಅದರ ಪಟ್ಟಿಯಲ್ಲೂ ಒಂದು ಸಾಲು ತಿದ್ದಬೇಕಾಗುತ್ತದೆ. ಫೋನಿನ ಐಪಿ ವಿಳಾಸವಂತೂ ಕೆಂಗೇರಿಯಲ್ಲಿ ಇದ್ದದ್ದೇ ಮೈಸೂರಿನಲ್ಲೂ ಇರುತ್ತದೆ. ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಅಥವಾ ವಿಮಾನಯಾನ ಸ್ಥಿತಿಗೆ ಹಾಕಿ ತೆಗೆದರೆ ಕಥೆ ಬೇರೆ. ಆಗ ಹೊಸ ನೋಂದಣಿ, ಸಾಮಾನ್ಯವಾಗಿ ಹೊಸ ವಿಳಾಸ, ಕೆಲವೊಮ್ಮೆ ಹೊಸ ಲಂಗರು.

ಫೋನು ಜೇಬಿನಲ್ಲಿ ಸುಮ್ಮನಿರುವಾಗಲೂ ಲಂಗರು ಬಿಟ್ಟಿರುವುದಿಲ್ಲ. ಟವರಿನವರೆಗಿನ ಸುರಂಗವನ್ನು ಮಾತ್ರ ಕಳಚಲಾಗುತ್ತದೆ, ಐಪಿ ವಿಳಾಸ ಹಾಗೆಯೇ ಉಳಿಯುತ್ತದೆ. ವಾಟ್ಸ್‌ಆ್ಯಪ್ ಸಂದೇಶವೊಂದು ಬಂದರೆ ಸರ್ವಿಂಗ್ ಗೇಟ್‌ವೇ ಅದನ್ನು ಹಿಡಿದಿಟ್ಟುಕೊಂಡು ಎಂಎಂಇಗೆ ತಿಳಿಸುತ್ತದೆ. ಫೋನು ಕೊನೆಯದಾಗಿ ನೋಂದಾಯಿಸಿದ ಪ್ರದೇಶದ ಟವರ್‌ಗಳೆಲ್ಲ ಅದನ್ನು ಕೂಗಿ ಕರೆಯುತ್ತವೆ. ಫೋನು ಓಗೊಟ್ಟ ಕೂಡಲೇ ಸುರಂಗ ಮತ್ತೆ ಜೋಡಣೆಯಾಗುತ್ತದೆ.

ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗಿವೆ. ಜಿಪಿಆರ್‌ಎಸ್ ಮತ್ತು 3ಜಿಯಲ್ಲಿ ಮೂಲ ಲಂಗರಿನ ಹೆಸರು ಜಿಜಿಎಸ್‌ಎನ್, 5ಜಿಯಲ್ಲಿ ಯುಪಿಎಫ್. 2008ರಲ್ಲಿ ಐಇಟಿಎಫ್ ಕೂಡ ಫೋನನ್ನು ಮುಟ್ಟದೆ ಜಾಲವೇ ಹೊಣೆ ಹೊರುವ ಪ್ರಾಕ್ಸಿ ಮೊಬೈಲ್ ಐಪಿವಿ6 ಹೊರತಂದಿತು. ಅದರಲ್ಲಿ ಲಂಗರಿನ ಹೆಸರೇ ಲೋಕಲ್ ಮೊಬಿಲಿಟಿ ಆಂಕರ್. 4ಜಿಯ ಮಾನದಂಡ ಎರಡು ಗೇಟ್‌ವೇಗಳ ನಡುವೆ ಇದಕ್ಕೂ ಅವಕಾಶ ಕೊಟ್ಟಿತಾದರೂ ಕಂಪೆನಿಗಳು ಬಹುಮಟ್ಟಿಗೆ ಹಳೆಯ ಜಿಟಿಪಿಗೇ ಅಂಟಿಕೊಂಡವು.

ಸುರಂಗ ಎಂದರೆ ಗುಟ್ಟಲ್ಲ

ವಿಪಿಎನ್ ಬಳಸಿದವರಿಗೆ ಸುರಂಗ ಎಂದೊಡನೆ ಗೌಪ್ಯತೆ ನೆನಪಾಗುವುದು ಸಹಜ. ಜಿಟಿಪಿ ಸುರಂಗ ತಾನಾಗಿ ಏನನ್ನೂ ಗೂಢಲಿಪಿಗೆ ತಿರುಗಿಸುವುದಿಲ್ಲ, ದಾರಿ ತೋರುವುದಷ್ಟೇ ಅದರ ಕೆಲಸ. ಫೋನಿಗೂ ಟವರಿಗೂ ನಡುವಿನ ಗಾಳಿಯ ಹಾದಿಗೆ ಬೇರೆಯದೇ ರಕ್ಷಣೆ ಇದೆ. ಟವರಿನಿಂದಾಚೆಗೆ ಕಂಪೆನಿ ಪ್ರತ್ಯೇಕವಾಗಿ ಐಪಿಸೆಕ್ ಅಳವಡಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಲಕೋಟೆಗೆ ತೂಕವೂ ಇದೆ. ಐಪಿವಿ4 ತಲೆಬರಹಕ್ಕೆ 20 ಬೈಟ್, ಯುಡಿಪಿಗೆ 8, ಜಿಟಿಪಿಗೆ ಕನಿಷ್ಠ 8, ಒಟ್ಟು 36 ಬೈಟ್. 5ಜಿಯಲ್ಲಿ ಹೆಚ್ಚುವರಿ ತಲೆಬರಹ ಸೇರಿ 44 ಆಗುತ್ತದೆ. ಈಥರ್‌ನೆಟ್ ಜಾಲ ಒಂದು ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಹೊರುವುದು 1,500 ಬೈಟ್. ಒಳಗಿನ ಪ್ಯಾಕೆಟೇ 1,500 ಇದ್ದರೆ ಲಕೋಟೆ ಸೇರಿದಾಗ ಅದು ಹಿಡಿಸದೆ ತುಂಡಾಗಬೇಕಾಗುತ್ತದೆ. ಹಾಗಾಗದಿರಲೆಂದೇ ಮೊಬೈಲ್ ಮಾನದಂಡಗಳು ಫೋನಿನ ಪ್ಯಾಕೆಟ್ ಗಾತ್ರಕ್ಕೆ 1,358 ಬೈಟ್‌ಗಳ ಮಿತಿಯನ್ನು ಸೂಚಿಸಿವೆ.

ಲಂಗರು ಸಾವಿರಾರು ಮೈಲಿ ದೂರವಾದಾಗ

ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುವುದು ವಿದೇಶ ಪ್ರವಾಸದಲ್ಲಿ. ಕರ್ನಾಟಕದ ಸಿಮ್ ಹಾಕಿಕೊಂಡು ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ ತಾಯಿಯ ಫೋನು ಅಲ್ಲಿನ ಟವರನ್ನೇ ಹಿಡಿಯುತ್ತದೆ. ಆದರೆ ಅದರ ಲಂಗರು ಸಾಮಾನ್ಯವಾಗಿ ಭಾರತದಲ್ಲೇ ಉಳಿಯುತ್ತದೆ. ಅಲ್ಲಿನ ಸರ್ವಿಂಗ್ ಗೇಟ್‌ವೇಯಿಂದ ಸಾಗರಗಳನ್ನು ದಾಟಿ, ಮೊಬೈಲ್ ಕಂಪೆನಿಗಳ ನಡುವಿನ ಪ್ರತ್ಯೇಕ ಜಾಲದ ಮೂಲಕ, ತವರಿನ ಪ್ಯಾಕೆಟ್ ಗೇಟ್‌ವೇವರೆಗೆ ಸುರಂಗ ಹಬ್ಬಿರುತ್ತದೆ. ಜಗತ್ತಿನಾದ್ಯಂತ ರೋಮಿಂಗ್‌ನ ರೂಢಿಯ ಪದ್ಧತಿ ಇದೇ.

ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಅಂತರ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಲಂಗರು ಬೆಂಗಳೂರಿನಲ್ಲಿದೆ ಎಂದುಕೊಂಡರೆ, ಆ ತಾಯಿ ಕ್ಯಾಲಿಫೋರ್ನಿಯಾದಲ್ಲೇ ಇರುವ ಸರ್ವರ್ ಒಂದರಿಂದ ಪುಟ ತೆರೆದಾಗ ಕೋರಿಕೆ ಮೊದಲು ಬೆಂಗಳೂರಿಗೆ ಬರುತ್ತದೆ, ಅಲ್ಲಿಂದ ಮರಳಿ ಕ್ಯಾಲಿಫೋರ್ನಿಯಾಕ್ಕೆ. ಉತ್ತರವೂ ಅದೇ ದಾರಿಯಲ್ಲಿ ಬೆಂಗಳೂರಿಗೆ ಬಂದು ಮತ್ತೆ ಹೋಗಬೇಕು. ನಾಲ್ಕು ಸಾಗರಯಾನ, 56,000 ಕಿಲೋಮೀಟರ್. ಎಲ್ಲವೂ ಸರಳ ರೇಖೆಯಲ್ಲೇ ಸಾಗಿದರೂ 280 ಮಿಲಿಸೆಕೆಂಡ್. ಕಡಲಾಳದ ಕೇಬಲ್‌ಗಳು ಸರಳ ರೇಖೆಯಲ್ಲಿ ಇರುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಪುಟ ತಡವರಿಸುವುದರ ಒಂದು ದೊಡ್ಡ ಕಾರಣ ಈ ಪ್ರದಕ್ಷಿಣೆ.

ಹಾಗಿದ್ದರೆ ಅಲ್ಲೇ ಸಮೀಪದ ಲಂಗರನ್ನು ಏಕೆ ಕೊಡಬಾರದು? ಲೋಕಲ್ ಬ್ರೇಕ್‌ಔಟ್ ಎಂಬ ಹೆಸರಿನಲ್ಲಿ ಮಾನದಂಡ ಅದಕ್ಕೂ ದಾರಿ ಬಿಟ್ಟಿದೆ. ಆದರೆ ಲೆಕ್ಕ ಇಡುವ, ಪ್ಲಾನ್ ಜಾರಿಗೊಳಿಸುವ, ತವರಿನ ಕಾನೂನು ಪಾಲಿಸುವ ಅಧಿಕಾರವನ್ನು ಪರದೇಶದ ಕಂಪೆನಿಯ ಕೈಗೆ ಬಿಡಲು ಕಂಪೆನಿಗಳು ಹಿಂಜರಿಯುತ್ತವೆ. ಗ್ರಾಹಕರಿಗೂ ಒಂದು ಅನುಕೂಲವಿದೆ. ದೇಶದೊಳಗಿನವರಿಗೆ ಮಾತ್ರ ತೆರೆಯುವ ಸೇವೆಗಳಿಗೆ ಅವರು ಭಾರತದಲ್ಲಿದ್ದಂತೆಯೇ ಕಾಣುತ್ತಾರೆ.

ಚೀನಾಕ್ಕೆ ಹೋಗಿ ಬಂದ ಪ್ರವಾಸಿಗರು ಹೇಳುವ ಸೋಜಿಗವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಹೋಟೆಲಿನ ವೈಫೈನಲ್ಲಿ ಗೂಗಲ್ ತೆರೆಯುವುದಿಲ್ಲ, ಆದರೆ ರೋಮಿಂಗ್‌ನಲ್ಲಿರುವ ತವರಿನ ಸಿಮ್‌ನಲ್ಲಿ ತೆರೆಯುತ್ತದೆ. ಫೋನು ಇರುವುದು ಚೀನಾದಲ್ಲಾದರೂ ಅದು ಅಂತರ್ಜಾಲಕ್ಕೆ ಕಾಲಿಡುವುದು ಲಂಗರು ಇರುವ ದೇಶದಲ್ಲಿ. ಅಲ್ಲಿಯವರೆಗೆ ಪ್ಯಾಕೆಟ್ ಸುರಂಗದೊಳಗೇ ಇರುತ್ತದೆ. ಪ್ರವಾಸಿಗರಿಗೆಂದೇ ಮಾರುವ ಹಲವು ಇ-ಸಿಮ್‌ಗಳಲ್ಲಿ ಲಂಗರು ಪ್ರವಾಸಿಗನ ತವರಿನಲ್ಲೂ ಇರುವುದಿಲ್ಲ, ಇಳಿದ ದೇಶದಲ್ಲೂ ಇರುವುದಿಲ್ಲ, ಮೂರನೆಯದೊಂದು ದೇಶದಲ್ಲಿ ಇರುತ್ತದೆ. ನಕ್ಷೆ ಒಂದು ಊರನ್ನೂ ತಾಣಗಳ ಜಾಹೀರಾತು ಇನ್ನೊಂದು ದೇಶವನ್ನೂ ತೋರಿಸುವುದು ಹೀಗೆ. ನಕ್ಷೆ ಜಿಪಿಎಸ್ ನೋಡುತ್ತದೆ, ಜಾಹೀರಾತು ಲಂಗರನ್ನು ನೋಡುತ್ತದೆ.

ವಿಳಾಸವನ್ನು ಸಾಕ್ಷಿಯಾಗಿಸಿದರೆ

ಜಾಹೀರಾತು ಊರು ತಪ್ಪಿದರೆ ನಷ್ಟವೇನಿಲ್ಲ. ತನಿಖೆ ತಪ್ಪಿದರೆ ಹಾಗಲ್ಲ. ಮೊಬೈಲಿನ ಐಪಿ ವಿಳಾಸದಿಂದ ತಿಳಿಯುವುದು ಲಂಗರು ಎಲ್ಲಿದೆ ಎಂಬುದೇ ಹೊರತು ವ್ಯಕ್ತಿ ಎಲ್ಲಿದ್ದಾನೆ ಎಂಬುದಲ್ಲ. ಅನೇಕ ವೇಳೆ ವ್ಯಕ್ತಿ ಯಾರು ಎಂಬುದೂ ಅದರಿಂದ ತಿಳಿಯುವುದಿಲ್ಲ. ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಕಂಪೆನಿಗಳು ಫೋನುಗಳಿಗೆ ಖಾಸಗಿ ವಿಳಾಸ ಕೊಟ್ಟು, ಲಂಗರಿನ ಬಳಿ ಒಂದು ಸಾರ್ವಜನಿಕ ವಿಳಾಸವನ್ನು ಅನೇಕರಿಗೆ ಹಂಚುತ್ತವೆ. ಈ ಹಂಚಿಕೆಗಾಗಿಯೇ 2012ರಲ್ಲಿ ಸುಮಾರು 42 ಲಕ್ಷ ವಿಳಾಸಗಳ ಒಂದು ಗುಂಪನ್ನು ಮೀಸಲಿಡಲಾಯಿತು. 100.64 ಎಂದು ಆರಂಭವಾಗುವ ವಿಳಾಸವನ್ನು ಫೋನಿನಲ್ಲಿ ಕಂಡವರು ಕಂಡಿರುವುದು ಇದೇ ಗುಂಪಿನದು. ಐಪಿವಿ6 ಬಳಕೆಯಲ್ಲಿ ಭಾರತ ಮುಂಚೂಣಿ ದೇಶಗಳಲ್ಲಿ ಒಂದಾದರೂ ಹಳೆಯ ತಾಣಗಳಿಗಾಗಿ ಈ ಹಂಚಿಕೆ ಮುಂದುವರಿದಿದೆ. ಒಂದೇ ಕ್ಷಣದಲ್ಲಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕಲಬುರಗಿಯ ವಿದ್ಯಾರ್ಥಿ, ಮಂಗಳೂರಿನ ವ್ಯಾಪಾರಿ, ಜಯನಗರದ ಗೃಹಿಣಿ ಎಲ್ಲರೂ ಇರಬಹುದು. ಅವರನ್ನು ಬೇರ್ಪಡಿಸಲು ವಿಳಾಸದ ಜತೆಗೆ ಪೋರ್ಟ್ ಸಂಖ್ಯೆ ಮತ್ತು ನಿಖರವಾದ ಸಮಯ ಬೇಕೇ ಬೇಕು.

ಸಣ್ಣ ತಪ್ಪು ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. 2007ರ ಆಗಸ್ಟ್‌ನಲ್ಲಿ ಇಲ್ಲಿನ ತಂತ್ರಜ್ಞರೊಬ್ಬರನ್ನು ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಗೆ ಅವಮಾನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಬಂಧಿಸಿದರು. ಆಧಾರ ಒಂದು ಐಪಿ ವಿಳಾಸ. ಅದು ಯಾರ ಬಳಕೆಯಲ್ಲಿತ್ತು ಎಂಬುದಾಗಿ ಸೇವಾ ಕಂಪೆನಿ ಕೊಟ್ಟ ವಿವರ ತಪ್ಪಾಗಿತ್ತೆಂದು ಬಯಲಾಗಿ ಅವರು ಬಿಡುಗಡೆಯಾಗುವಷ್ಟರಲ್ಲಿ 50 ದಿನ ಸೆರೆಯಲ್ಲಿ ಕಳೆದಿದ್ದರು. ಅದು ಮೊಬೈಲಿನ ಪ್ರಕರಣವಲ್ಲ, ಮನೆಯ ಬ್ರಾಡ್‌ಬ್ಯಾಂಡಿನದು. ನಿಂತಲ್ಲೇ ನಿಂತ ಸಂಪರ್ಕದಲ್ಲೇ ಹೀಗಾದರೆ, ಲಂಗರಿನ ಹಿಂದೆ ಸಾವಿರಾರು ಮಂದಿ ನಿಮಿಷ ನಿಮಿಷಕ್ಕೂ ಬದಲಾಗುವ ಮೊಬೈಲ್ ಜಾಲದಲ್ಲಿ ಎಚ್ಚರ ಎಷ್ಟು ಬೇಕೆಂದು ಊಹಿಸಬಹುದು. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಉಳಿಸಬೇಕು ಎಂದಷ್ಟೇ ಅಲ್ಲದೆ ಯಂತ್ರಗಳ ಗಡಿಯಾರಗಳನ್ನು ಒಂದೇ ಸಮಯಕ್ಕೆ ಹೊಂದಿಸಬೇಕು ಎಂದೂ ಹೇಳಿದ್ದು ಈ ಹಿನ್ನೆಲೆಯಲ್ಲಿ ಸಣ್ಣ ಮಾತಲ್ಲ.

ಮನೆಯ ವೈಫೈಗೂ ಅದೇ ಲಂಗರು

2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಕರೆ ಸೌಲಭ್ಯ ಆರಂಭಿಸಿದವು. ಇಲ್ಲಿ ಫೋನು ಮನೆಯ ವೈಫೈ ಮೂಲಕ ಕಂಪೆನಿಯ ದ್ವಾರದವರೆಗೆ ಐಪಿಸೆಕ್ ಸುರಂಗ ಕೊರೆಯುತ್ತದೆ. ಈ ಸುರಂಗ ಗೂಢಲಿಪಿಯದು, ಏಕೆಂದರೆ ಮಧ್ಯದಲ್ಲಿರುವುದು ಯಾರದೋ ಬ್ರಾಡ್‌ಬ್ಯಾಂಡ್. ಆ ದ್ವಾರ ಫೋನನ್ನು ಅದೇ ಪ್ಯಾಕೆಟ್ ಗೇಟ್‌ವೇಗೆ ಜೋಡಿಸುತ್ತದೆ. ಹೀಗಾಗಿ ಮಾತಾಡುತ್ತಲೇ ಗೇಟು ದಾಟಿ ಬೀದಿಗೆ ಬಂದರೂ, ಫೋನು ವೈಫೈ ಬಿಟ್ಟು ಟವರ್ ಹಿಡಿದರೂ, ಕರೆಯ ಐಪಿ ವಿಳಾಸ ಹಾಗೆಯೇ ಇರುತ್ತದೆ.

ಲಂಗರನ್ನು ಹತ್ತಿರ ತರುವ ಯತ್ನ

ಎಲ್ಲ ಪ್ಯಾಕೆಟ್‌ಗಳೂ ಕೆಲವೇ ದೊಡ್ಡ ಲಂಗರುಗಳ ಮೂಲಕ ಹಾಯಬೇಕೆಂಬ ಏರ್ಪಾಡು ವಿಡಿಯೋ ಯುಗದಲ್ಲಿ ಭಾರವಾಗತೊಡಗಿದಾಗ, ಲಂಗರನ್ನೇ ಹಂಚಿಹಾಕುವ ಚಿಂತನೆ ಬಲಗೊಂಡಿತು. ಐಇಟಿಎಫ್ 2014ರಲ್ಲಿ ಇದಕ್ಕೆ ಬೇಕಾದ ಅಗತ್ಯಗಳ ಪಟ್ಟಿ ಪ್ರಕಟಿಸಿತು. 5ಜಿ ಮಾನದಂಡ ಇನ್ನೂ ಮುಂದೆ ಹೋಗಿ, ವಿಳಾಸ ಬದಲಾಗಲೇಬಾರದು ಎಂಬ ಹಟವನ್ನೇ ಸಡಿಲಿಸಿತು. ಮೂರು ವಿಧಾನಗಳಿವೆ. ಮೊದಲನೆಯದರಲ್ಲಿ ಲಂಗರು ಹಳೆಯ ರೀತಿಯಲ್ಲೇ ಸ್ಥಿರ. ಎರಡನೆಯದರಲ್ಲಿ ಹಳೆಯದನ್ನು ಕಳಚಿ ಸಮೀಪದ ಹೊಸದಕ್ಕೆ ಕಟ್ಟಲಾಗುತ್ತದೆ, ನಡುವೆ ಸಂಪರ್ಕ ಕಡಿಯುತ್ತದೆ. ಮೂರನೆಯದರಲ್ಲಿ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಡುವುದು, ಕೆಲಕಾಲ ಫೋನಿಗೆ ಎರಡೂ ವಿಳಾಸ. ಯಾವ ಸೇವೆಗೆ ಯಾವುದು ಎಂಬುದನ್ನು ಜಾಲ ನಿರ್ಧರಿಸಬಹುದು. ದಾರಿಯ ಮಧ್ಯದ ಯುಪಿಎಫ್ ಒಂದರಲ್ಲಿ ಕವಲು ತೆಗೆದು, ಸ್ಥಳೀಯ ಸರ್ವರ್‌ಗೆ ಸೇರಬೇಕಾದ ಪ್ಯಾಕೆಟ್‌ಗಳನ್ನು ಮಾತ್ರ ಅಲ್ಲೇ ಇಳಿಸುವ ಸೌಕರ್ಯವೂ ಇದೆ.

ಆದರೆ ಫೋನಿನ ಪರದೆಯ ಮೇಲೆ 5ಜಿ ಎಂದು ಕಂಡ ಮಾತ್ರಕ್ಕೆ ಇವೆಲ್ಲ ಸಿಕ್ಕವೆಂದಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಗೆ ಚಾಲನೆ ದೊರೆತಾಗ ಏರ್‌ಟೆಲ್ 4ಜಿಯ ತಿರುಳು ಜಾಲದ ಮೇಲೆಯೇ 5ಜಿ ಟವರ್‌ಗಳನ್ನು ಕೂರಿಸುವ ದಾರಿ ಹಿಡಿಯಿತು. ಅಂಥ ಜಾಲದಲ್ಲಿ ಗಾಳಿಯ ಹಾದಿ ಹೊಸದಾದರೂ ಲಂಗರು ಹಳೆಯ ಪ್ಯಾಕೆಟ್ ಗೇಟ್‌ವೇಯೇ. ಜಿಯೋ ಪೂರ್ಣ ಪ್ರಮಾಣದ 5ಜಿ ತಿರುಳನ್ನು ಆರಿಸಿಕೊಂಡಿತು.

ಇನ್ನೊಂದೆಡೆ ತಂತ್ರಾಂಶಗಳೂ ಲಂಗರಿನ ಹಂಗು ಕಡಿಮೆ ಮಾಡಿಕೊಳ್ಳುತ್ತಿವೆ. ಗೂಗಲ್ ಆರಂಭಿಸಿ ಐಇಟಿಎಫ್ 2021ರ ಮೇ ತಿಂಗಳಲ್ಲಿ ಮಾನದಂಡವಾಗಿಸಿದ ಕ್ವಿಕ್ ವಿಧಾನದಲ್ಲಿ ಸಂಪರ್ಕದ ಗುರುತು ಐಪಿ ವಿಳಾಸಕ್ಕೆ ಅಂಟಿಕೊಂಡಿಲ್ಲ. ಪ್ರತಿ ಸಂಪರ್ಕಕ್ಕೂ ಅದರದೇ ಗುರುತುಸಂಖ್ಯೆ ಇರುತ್ತದೆ. ವೈಫೈನಿಂದ ಮೊಬೈಲ್ ಜಾಲಕ್ಕೆ ಹಾರಿ ವಿಳಾಸ ಬದಲಾದರೂ ಸರ್ವರ್ ಆ ಸಂಖ್ಯೆ ನೋಡಿ ಗುರುತು ಹಿಡಿದು ಮಾತು ಮುಂದುವರಿಸಬಲ್ಲದು. ಆ್ಯಪಲ್ ಕಂಪೆನಿ 2013ರಲ್ಲಿಯೇ ಸಿರಿ ಸೇವೆಗಾಗಿ ಒಂದೇ ಸಂಪರ್ಕವನ್ನು ಎರಡು ದಾರಿಗಳಲ್ಲಿ ಹಿಡಿದಿಡುವ ಮಲ್ಟಿಪಾತ್ ಟಿಸಿಪಿಯನ್ನು ಬಳಕೆಗೆ ತಂದಿತ್ತು. ಆದರೆ ಲಂಗರಿಗೆ ಸಂಪರ್ಕ ಉಳಿಸುವ ಕೆಲಸವೊಂದೇ ಇರುವುದಲ್ಲ. ಡೇಟಾದ ಲೆಕ್ಕ ಹಾಕುವುದು, ವೇಗ ನಿಯಂತ್ರಿಸುವುದು, ಸಾರ್ವಜನಿಕ ವಿಳಾಸ ಹಂಚುವುದು, ಯಾರಿಗೆ ಯಾವಾಗ ಯಾವ ಪೋರ್ಟ್ ಹೋಯಿತೆಂಬ ಕಡತ ಬರೆದಿಡಲು ಎಡೆಯಾಗುವುದು ಅಲ್ಲಿಯೇ. ಕ್ವಿಕ್ ಬಳಸುವ ಪ್ಯಾಕೆಟ್ ಕೂಡ ಮೈಸೂರಿನ ರೈಲಿನಿಂದ ಹೊರಟಾಗ ಮೊದಲು ಜಿಟಿಪಿ ಲಕೋಟೆಯೊಳಗೆ ಕುಳಿತು ಆ ಲಂಗರಿಗೇ ಹೋಗುತ್ತದೆ.